ಹಿಂದಿನ ಸೀಟು

ಸುದ್ದಿ ಬಂದದ್ದು ಬ್ರೆಡ್ಡಿನ ವ್ಯಾನಿನ ಜೊತೆ. ಏರಿಯ ಆಚೆಯ ಊರಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಬೆಳಿಗ್ಗೆ ಎದ್ದವನು ಬಲಗಾಲು ಊರಲಾರದೆ ನೆಲಕ್ಕೆ ಬಿದ್ದನಂತೆ, ಆಸ್ಪತ್ರೆಗೆ ಒಯ್ದರಂತೆ, ಪೋಲಿಯೊ ಅಂದರಂತೆ. ಬ್ರೆಡ್ಡಿನವನು ಬೇರೆ ಚರ್ಚಿನ ಸಭೆಯವನು, ನಾಲಗೆ ಸ್ವಲ್ಪ ಉದ್ದ. "ಎಲ್ಲಾ ಮೊದಲೇ ಬರೆದಿದೆ ಅಂತೀರಿ. ನನ್ನ ವ್ಯಾನು ಅರ್ಧ ಗಂಟೆ ತಡವಾದ್ರೆ ಮಾತ್ರ ಬೈಗುಳ ನಂಗೆ," ಎಂದು ನಕ್ಕು ಮುಂದಿನ ಮನೆಗೆ ಹೋದ. ನೆಲ್ಲಾ ಎರಡು ಬ್ರೆಡ್ಡುಗಳನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತಳು. ಹದಿನಾಲ್ಕು ವರ್ಷದ ಹಿಂದೆ ಅವಳ ಮನೆ ಹೊಕ್ಕಿದ್ದ ಮಾರಿ ತಿರುಗಿ ಬಂದಿತ್ತು. ಎರಡು ಹೊಲದಾಚೆ ಅವಳ ಮಗಳು ಕ್ರೀನಾಳ ಮನೆಯ ತೊಟ್ಟಿಲಲ್ಲಿ ಮೂರು ತಿಂಗಳ ಸೀಮೊನ್ ಮಲಗಿದ್ದ.

ವೆಸ್ಟ್‌ಹೂಕ್ ಎಂಬ ಈ ಕಡಲತೀರದ ಊರಿನಲ್ಲಿ ಲಸಿಕೆ ಹಾಕಿಸುವವರಿಲ್ಲ. ಹಾಕಿಸಿದರೂ ಹೇಳುವವರಿಲ್ಲ. ರೋಗ ಕಳುಹಿಸುವವನು ಕರ್ತನು. ಅದು ಬರುವ ಮೊದಲೇ ಬಾಗಿಲು ಹಾಕಿಕೊಂಡರೆ ಆತನ ಕೈಯನ್ನು ತಡೆದ ಹಾಗೆ. ಬಂದ ಮೇಲೆ ಡಾಕ್ಟರ ಬಳಿ ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಹಿಂದೆ ಅಜ್ಜಂದಿರು ಹೇಳುತ್ತಿದ್ದುದನ್ನು ಈಗ ನೆಲ್ಲಾಳ ಗಂಡ ಮರೀನುಸ್ ಹೇಳುತ್ತಿದ್ದ. ಅವನು ಸಭೆಯ ಹಿರಿಯ. ಊರಿಗೆ ಸ್ವಂತ ಪಾದ್ರಿ ಇಲ್ಲದ್ದರಿಂದ ಭಾನುವಾರ ಎರಡು ಹೊತ್ತೂ ಹಳೆಯ ಪ್ರಸಂಗಗಳನ್ನು ಓದಿ ಹೇಳುವವನು ಅವನೇ. ಆದಾಮನಿಗೆ ಸ್ವಚಿತ್ತವಿತ್ತು, ಅವನು ತಾನಾಗಿ ಪಾಪಕ್ಕೆ ಬಿದ್ದ. ಅವನ ಮಕ್ಕಳಾದ ನಮಗೆ ಉಳಿದಿರುವ ಸ್ವಚಿತ್ತ ಪಾಪ ಮಾಡುವುದಕ್ಕೆ ಮಾತ್ರ. ಯಾರನ್ನು ಎತ್ತಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಲೋಕ ಹುಟ್ಟುವ ಮೊದಲೇ ತೀರ್ಮಾನವಾಗಿದೆ. ಜನ ಪೆಪ್ಪರ್‌ಮಿಂಟ್ ಚೀಪುತ್ತ ತಲೆ ಬಾಗಿಸಿ ಕೇಳುತ್ತಿದ್ದರು. ಇದೇ ಜನ, ಹಿಂದೊಮ್ಮೆ ಸಮುದ್ರ ನುಗ್ಗಿ ಕೆಳಗಿನ ಬೀದಿಯನ್ನೇ ಕೊಚ್ಚಿಕೊಂಡು ಹೋದ ಮೇಲೆ, ಏರಿಯನ್ನು ಒಂದಾಳು ಎತ್ತರಿಸಿದವರು. ಸಮುದ್ರವನ್ನು ಕಳುಹಿಸಿದವನೂ ಕರ್ತನೇ ಅಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನ ಕೈಗೂ ಒಂದು ಗುದ್ದಲಿ ಕೊಡುತ್ತಿದ್ದರು.

ದನಗಳ ವಿಷಯವೂ ಹಾಗೆಯೇ. ಮರೀನುಸನ ಕೊಟ್ಟಿಗೆಯ ದನಗಳಿಗೆ ಪ್ರತಿ ವಸಂತದಲ್ಲೂ ಕಾಲುಬಾಯಿ ಜ್ವರದ ಚುಚ್ಚುಮದ್ದು ಬೀಳುತ್ತಿತ್ತು. ಮನಸ್ಸು ಒಪ್ಪದವರು ಬೇಡವೆಂದು ಬರೆದುಕೊಡಬಹುದಿತ್ತು, ಆದರೆ ಅಂಥವರ ದನವನ್ನು ಸಂತೆಯಲ್ಲಿ ಯಾರೂ ಮೂಸುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನೆಲ್ಲಾ ಒಮ್ಮೆ ಇದನ್ನು ಕೇಳಿದ್ದಳು. ಮರೀನುಸ್ ಸಿಟ್ಟಾಗಲಿಲ್ಲ, ಯೋಚಿಸಿಯೇ ಉತ್ತರ ಕೊಟ್ಟ.

"ದನ ಆದಾಮನ ಜೊತೆ ಬಿದ್ದಿಲ್ಲ ನೆಲ್ಲಾ. ಅದಕ್ಕೆ ಆತ್ಮ ಇಲ್ಲ, ಪಾಪ ಇಲ್ಲ, ಶಿಕ್ಷೆ ಇಲ್ಲ. ಅದಕ್ಕೆ ಚುಚ್ಚಿಸಬಹುದು."

ಅವತ್ತು ಅವಳಿಗೆ ಆ ಉತ್ತರ ಸರಿಯಾಗಿಯೇ ಕಂಡಿತ್ತು. ಆತ್ಮವಿಲ್ಲದೆ ಹುಟ್ಟುವುದು ಎಂಥ ಭಾಗ್ಯ ಎಂದು ಅನ್ನಿಸಿದ್ದು ಎಷ್ಟೋ ವರ್ಷದ ಮೇಲೆ, ಆರು ವರ್ಷದ ಕ್ರೀನಾಳ ಎಡಗಾಲಿಗೆ ಆಸ್ಪತ್ರೆಯವರು ಆಸರೆಗೆಂದು ಕಬ್ಬಿಣದ ಕ್ಯಾಲಿಪರ್ ಕಟ್ಟಿದ ದಿನ.

ಆ ವರ್ಷದ ಕಥೆ ಊರಿಗೆಲ್ಲ ಗೊತ್ತಿತ್ತು. ಮರೀನುಸನಿಗೆ ಇಬ್ಬರು ಮಕ್ಕಳು, ಆರು ವರ್ಷದ ಕ್ರೀನಾ, ಎರಡು ತುಂಬದ ಬ್ರಾಮ್. ಒಂದೇ ಮನೆ, ಒಂದೇ ಹಾಸಿಗೆ, ಒಂದೇ ತಟ್ಟೆ. ರೋಗ ಬಂದು ಅಕ್ಕನನ್ನು ಹಿಡಿಯಿತು, ತಮ್ಮನನ್ನು ಮುಟ್ಟಲಿಲ್ಲ. ಕರ್ತನ ಆಯ್ಕೆ ಎಂದರೆ ಏನೆಂದು ಪ್ರಶ್ನೋತ್ತರದ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದರೆ ಬೇರೆ ಉದಾಹರಣೆ ಬೇಕಿರಲಿಲ್ಲ. ಬೆಂಚಿನ ಮೇಲೆ ಅಕ್ಕ ತಮ್ಮ ಇಬ್ಬರೂ ಕೂತಿರುತ್ತಿದ್ದರು. ಮರೀನುಸ್ ಕಟುಕನಲ್ಲ. ಮಗಳಿಗಾಗಿ ಕೊಟ್ಟಿಗೆಯಲ್ಲಿ ದನಗಳ ಮಧ್ಯೆ ನಿಂತು ಅತ್ತದ್ದನ್ನು ನೆಲ್ಲಾ ನೋಡಿದ್ದಳು. ಆದರೆ ಒಳಗೆ ಬಂದವನು ಮುಖ ತೊಳೆದುಕೊಂಡು, ಆತನ ಕೈ ಎಂದೂ ತಪ್ಪುವುದಿಲ್ಲ ಎಂದೇ ಹೇಳಿದ.

ನೆಲ್ಲಾಳಿಗೆ ಗೊತ್ತಿದ್ದ ಕಥೆ ಬೇರೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅದೊಂದು ಬುಧವಾರ. ಹುಲ್ಲು ಕೊಯ್ಲಿನ ಕಾಲ, ಮರೀನುಸ್ ದೂರದ ಹೊಲದಲ್ಲಿದ್ದ. ಪಟ್ಟಣದ ಶಾಲೆಯಲ್ಲಿ ಬಂದ ಮಕ್ಕಳಿಗೆಲ್ಲ ಪೋಲಿಯೊ ಹನಿ ಹಾಕುತ್ತಿದ್ದಾರೆಂದು ಅವಳಿಗೆ ತಿಳಿದಿತ್ತು. ಅವಳ ಸೈಕಲ್ಲಿಗೆ ಮಕ್ಕಳ ಸೀಟು ಎರಡು, ಮುಂದೆ ಬ್ರಾಮನದು, ಹಿಂದೆ ಕ್ರೀನಾಳದು. ಕ್ರೀನಾಳನ್ನು ಬಟಾಣಿ ಬಿಡಿಸಲೆಂದು ಪಕ್ಕದ ಮನೆಯ ವಿಧವೆಯ ಹತ್ತಿರ ಬಿಟ್ಟಳು. ಬ್ರಾಮನನ್ನು ಮುಂದೆ ಕೂರಿಸಿದಳು. ಕೂರಿಸಿ ಹೊರಡಲಿಲ್ಲ. ಹ್ಯಾಂಡಲ್ ಹಿಡಿದುಕೊಂಡು, ಖಾಲಿಯಿದ್ದ ಹಿಂದಿನ ಸೀಟನ್ನು ನೋಡುತ್ತ ಒಂದು ನಿಮಿಷ ನಿಂತಳು. ಪಕ್ಕದ ಮನೆಯ ಹಿತ್ತಲಿನಲ್ಲಿ ಕ್ರೀನಾ ಹಾಡಿಕೊಳ್ಳುತ್ತಿದ್ದುದು ಕೇಳುತ್ತಿತ್ತು. ಕೂಗಿದ್ದರೆ ಓಡಿ ಬರುತ್ತಿದ್ದಳು. ನೆಲ್ಲಾ ಕೂಗಲಿಲ್ಲ.

ಕಾರಣ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಮರೀನುಸನ ಮನೆಯಲ್ಲಿ ಸಂಜೆಯ ಊಟವಾಗಿ, ವೇದದ ಓದು ಮುಗಿದ ಮೇಲೆ, ಮಾತು ಬಲ್ಲ ಮಕ್ಕಳೆಲ್ಲ ಅಂದಿನ ತಪ್ಪುಗಳನ್ನು ಅಪ್ಪನಿಗೆ ಹೇಳಬೇಕು. ಕ್ರೀನಾ ಒಂದನ್ನೂ ಬಿಡುತ್ತಿರಲಿಲ್ಲ. ಕೋಳಿಗೆ ಕಲ್ಲು ಹೊಡೆದೆ, ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟೆ, ಅಮ್ಮನ ಮೇಲೆ ಮನಸ್ಸಿನಲ್ಲೇ ಸಿಟ್ಟು ಮಾಡಿದೆ. ಹೇಳಿ ಹಗುರಾಗಿ ಮಲಗಲು ಹೋಗುತ್ತಿದ್ದಳು. ಪಟ್ಟಣದಲ್ಲಿ ಸಿಹಿ ಕೊಟ್ಟರು, ಬಿಳಿ ಕೋಟಿನವರು ಕೊಟ್ಟರು ಎಂದು ಅವಳು ಹೇಳದೆ ಇರುವುದು ಸಾಧ್ಯವೇ ಇರಲಿಲ್ಲ. ಬ್ರಾಮನಿಗೆ ಅಷ್ಟು ಮಾತೇ ಬರುತ್ತಿರಲಿಲ್ಲ. ನೆಲ್ಲಾ ಬಾಯಿ ಬಾರದ ಮಗುವನ್ನು ಕರೆದುಕೊಂಡು ಹೋದಳು, ಬಾಯಿ ಶುದ್ಧವಾಗಿದ್ದ ಮಗುವನ್ನು ಬಿಟ್ಟು ಹೋದಳು.

ಶಾಲೆಯಲ್ಲಿ ನರ್ಸು ಸಕ್ಕರೆ ಬಿಲ್ಲೆಯ ಮೇಲೆ ಹನಿ ಬಿಟ್ಟು ಬ್ರಾಮನ ಬಾಯಿಗಿಟ್ಟಳು. ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ ಎಂದು ಕೇಳಿದಳು. ನೆಲ್ಲಾ ಇಲ್ಲ ಎಂದಳು. ಇದ್ದಾಳೆ ಎಂದರೆ ಯಾಕೆ ಕರೆತರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಹೇಗಾದರೂ ಮಾಡಿ ಮುಂದಿನ ವಾರ ಕ್ರೀನಾಳನ್ನೂ ಕರೆತಂದರಾಯಿತು ಎಂದುಕೊಂಡು ಮನೆಗೆ ಬಂದಳು. ಅಂದು ಸಂಜೆ ಕ್ರೀನಾ ಹೇಳಿದ ತಪ್ಪು ಒಂದೇ: ವಿಧವೆಯ ಡಬ್ಬಿಯಿಂದ ಕೇಳದೆ ಒಂದು ಸಕ್ಕರೆ ಬಿಲ್ಲೆ ತಿಂದೆ. ನೆಲ್ಲಾಳ ತೊಡೆಯ ಮೇಲೆ ಬ್ರಾಮ್ ತುಟಿ ಚಪ್ಪರಿಸುತ್ತಿದ್ದ.

ಮುಂದಿನ ವಾರ ಹೋಗಲಾಗಲಿಲ್ಲ, ಮರೀನುಸ್ ಮನೆಯಲ್ಲೇ ಇದ್ದ. ಅದರ ಮುಂದಿನ ವಾರ ಕ್ರೀನಾಳಿಗೆ ಜ್ವರ ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಮಗು ಅಪ್ಪನನ್ನು ಕೇಳಿತು, "ಸಕ್ಕರೆ ತಿಂದಿದ್ದಕ್ಕಾ ಅಪ್ಪಾ?"

ಮರೀನುಸ್ ಸಮಾಧಾನಕ್ಕಾಗಿಯೂ ಸುಳ್ಳು ಹೇಳುವವನಲ್ಲ. "ಸಕ್ಕರೆ ಚಿಕ್ಕದು ಕಂದಾ, ಪಾಪ ಚಿಕ್ಕದಲ್ಲ. ನಾವೆಲ್ಲ ಅದರಲ್ಲೇ ಹುಟ್ಟಿದೋರು," ಎಂದ.

ನೆಲ್ಲಾ ಹಾಸಿಗೆಯ ಕಾಲಬದಿಯಲ್ಲಿ ನಿಂತಿದ್ದಳು. ಆಗಲೂ ಬಾಯಿ ಬಿಡಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಅವಳು ಗಂಡನ ಪ್ರಸಂಗಗಳ ಮರೆಯಲ್ಲಿ ಅಡಗಿಕೊಂಡಳು. ಎಲ್ಲವೂ ಮೊದಲೇ ಬರೆದದ್ದಾದರೆ ಆ ಬುಧವಾರವೂ ಬರೆದದ್ದೇ. ಈ ಮಾತು ಹಗಲಿಡೀ ಕೆಲಸಕ್ಕೆ ಬರುತ್ತಿತ್ತು. ಆದರೆ ಸೈಕಲ್ ಹಿಡಿದು ನಿಂತ ಆ ಒಂದು ನಿಮಿಷ ನೆನಪಾದ ಕೂಡಲೇ ಕೈಕೊಡುತ್ತಿತ್ತು. ಆ ನಿಮಿಷ ಅವಳದ್ದೇ ಆಗಿತ್ತು. ಬೇರೆ ಯಾರೂ ಅಲ್ಲಿರಲಿಲ್ಲ, ದೇವರೂ ಸಹ.

ಕ್ರೀನಾ ಮಾತ್ರ ಕಾಲನ್ನು ಶಿಕ್ಷೆಯೆಂದು ಹೊತ್ತು ತಿರುಗಲಿಲ್ಲ, ಪದಕದಂತೆ ಹೊತ್ತಳು. ಊರಿನ ಹುಡುಗಿಯರಲ್ಲಿ ಅವಳಷ್ಟು ವೇದ ಬಲ್ಲವರಿಲ್ಲ, ಅವಳಷ್ಟು ಗಟ್ಟಿ ನಂಬಿದವರೂ ಇಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅಮ್ಮನಿಗೆ ಹೇಳಿದ್ದಳು: ಬ್ರಾಮನನ್ನು ಆತ ಉಳಿಸಿದ, ಸರಿ. ನನ್ನನ್ನು ಮುಟ್ಟಿದ. ಮುಟ್ಟಬೇಕಾದರೆ ನನ್ನ ಕಡೆ ನೋಡಿರಲೇಬೇಕಲ್ಲ, ಅಷ್ಟು ಸಾಕು ನನಗೆ. ನೆಲ್ಲಾ ಅಂದು ಊಟ ಮಾಡಲಿಲ್ಲ.

ಈಗ ಸೀಮೊನ್. ಬ್ರೆಡ್ಡಿನವನ ಸುದ್ದಿ ಬಂದ ಮೂರನೆಯ ದಿನ ಅಳಿಯ ಲೇನ್ ಹೊಲದಲ್ಲಿ ಸಕ್ಕರೆಯ ಬೀಟ್ ಗೆಡ್ಡೆ ಕೀಳುವ ಕೆಲಸ ಬಿಟ್ಟು, ಮಣ್ಣು ಮೆತ್ತಿದ ಬೂಟಿನಲ್ಲೇ ಅತ್ತೆಯ ಹಿತ್ತಲ ಬಾಗಿಲಿಗೆ ಬಂದ. ಅವನು ಪಕ್ಕದ ದ್ವೀಪದವನು, ಮೆತ್ತನೆಯ ಮನುಷ್ಯ. ಪಟ್ಟಣದಲ್ಲಿ ಮತ್ತೆ ಹನಿ ಹಾಕುತ್ತಿದ್ದಾರೆ, ನನಗೆ ಹಾಕಿಸಬೇಕೆಂದಿದೆ, ಕ್ರೀನಾ ಒಪ್ಪುತ್ತಿಲ್ಲ ಎಂದ. "ಕಾಲು ಕಳ್ಕೊಂಡೋಳು ಅವಳು ಅತ್ತೆ. ಅವಳೆದುರು ನಾನು ಏನಂತ ಮಾತಾಡ್ಲಿ? ನೀವಾದ್ರೂ ಹೇಳಿ."

ನೆಲ್ಲಾ ಅಂದೇ ಹೋಗಿ ಹೇಳಿನೋಡಿದಳು. ಕಾಲ ಬದಲಾಗಿದೆ, ಊರಲ್ಲಿ ಒಳಗೊಳಗೆ ಎಷ್ಟೋ ಜನ ಹಾಕಿಸುತ್ತಾರೆ, ಕರ್ತನು ಔಷಧವನ್ನೂ ಕೊಟ್ಟಿದ್ದಾನಲ್ಲ ಎಂದೆಲ್ಲ ಹೇಳಿದಳು. ಕ್ರೀನಾ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕ್ಯಾಲಿಪರಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

"ಎರಡು ಹನಿಲಿ ತಪ್ಪಿಸಬಹುದಿತ್ತು ಅನ್ನೋದಾದ್ರೆ ನನ್ನ ಕಾಲು ಬರೀ ಯಾರದೋ ಮರೆವು ಆಗೋಗುತ್ತೆ ಅಮ್ಮ. ಹಾಕ್ಸೋದು ಮರೆತ್ರು, ಇವಳು ಕುಂಟಿ ಆದ್ಲು, ಅಷ್ಟೇ ಅಂತ. ನಾನು ಮರೆವಿನಿಂದ ಕುಂಟಿ ಆದೋಳಲ್ಲ."

ಮಗಳ ಕಾಲಿಗೆ ಅರ್ಥ ಉಳಿಯಬೇಕಾದರೆ ಮೊಮ್ಮಗ ಬರಿಮೈಯಲ್ಲಿ ಮಾರಿಯ ಎದುರು ನಿಲ್ಲಬೇಕು. ನೆಲ್ಲಾ ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಮನೆಗೆ ಬಂದಳು. ಆ ರೋಗ ಮತ್ತೆ ಇಬ್ಬರು ಮಕ್ಕಳನ್ನು ಹಿಡಿಯಿತೆಂಬ ಸುದ್ದಿ ಬಂದ ಗುರುವಾರ ಬೆಳಿಗ್ಗೆ ಏಪ್ರನ್ ಕೂಡ ಬಿಚ್ಚದೆ ಮಗಳ ಮನೆಗೆ ಮತ್ತೆ ಹೋದಳು.

ಕ್ರೀನಾ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಒಲೆಯ ಪಕ್ಕದ ತೊಟ್ಟಿಲಲ್ಲಿ ಸೀಮೊನ್ ನಿದ್ದೆಯಲ್ಲಿದ್ದ. ನೆಲ್ಲಾ ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಬೇರೆ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಆ ವರ್ಷ ಬ್ರಾಮ್‌ಗೆ ಹನಿ ಹಾಕ್ಸಿದ್ದೆ ನಾನು," ಎಂದಳು. "ಪಟ್ಟಣಕ್ಕೆ ಕರ್ಕೊಂಡು ಹೋಗಿ. ನಿಮ್ಮಪ್ಪಂಗೆ ಇವತ್ತಿಗೂ ಗೊತ್ತಿಲ್ಲ. ಬ್ರಾಮ್ ಉಳಿದಿದ್ದು ಆ ಹನಿಯಿಂದ ಕ್ರೀನಾ."

ಕ್ರೀನಾಳ ಚಾಕು ನಿಲ್ಲಲಿಲ್ಲ. ವಯಸ್ಸಾದವರ ತಪ್ಪು ಮಾತಿಗೆ ನಗುವ ಹಾಗೆ ಸಣ್ಣಗೆ ನಕ್ಕಳು. "ಅದೂ ಆತನ ಚಿತ್ತದಲ್ಲೇ ಇತ್ತು. ಬ್ರಾಮ್ ಉಳೀಬೇಕು ಅಂತಿತ್ತು, ನಿನ್ನ ಹತ್ರ ಸೈಕಲ್ ತುಳಿಸ್ದ. ನಾನು ಮಾಡ್ದೆ ನಾನು ಮಾಡ್ದೆ ಅಂತ ಯಾಕೆ ಅಂದ್ಕೋತೀಯ ಅಮ್ಮ? ಮನುಷ್ಯರ ಕೈಲಿ ಏನಿದೆ?"

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹದಿನಾಲ್ಕು ವರ್ಷದ ಕೆಂಡವನ್ನು ಮಗಳು ಒಂದೇ ಮಾತಿನಲ್ಲಿ ಆರಿಸಿಬಿಟ್ಟಿದ್ದಳು, ಕ್ಷಮೆ ಕೇಳುವ ಕಷ್ಟವೂ ಇಲ್ಲದೆ. ನೆಲ್ಲಾ ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಆದರೆ ತೊಟ್ಟಿಲು ಅಲ್ಲೇ ಇತ್ತು. ಅವಳು ನಿಂತಲ್ಲಿಂದ ಕದಲಲಿಲ್ಲ.

ಸುಲಿದ ಗೆಡ್ಡೆ ಒಂದೆರಡು ನೀರಿ‌ಗೆ ಬಿದ್ದವು. ಆಮೇಲೆ ಚಾಕು ನಿಂತಿತು.

"ಆ ಸೈಕಲ್ಲಿಗೆ ಎರಡು ಸೀಟಿತ್ತು," ಎಂದಳು ಕ್ರೀನಾ.

"ಹೂಂ."

"ಹಿಂದಿನದು ನಂದು. ಅದಕ್ಕೊಂದು ಕೆಂಪು ಪಟ್ಟಿ ಇತ್ತು. ಅವತ್ತು ಬಿಚ್ಚಿಟ್ಟು ಹೋಗಿದ್ಯಾ?"

"ಇಲ್ಲ. ಖಾಲಿ ಇತ್ತು."

"ಯಾಕೆ?"

ಎದುರುಗಾಳಿಯಿತ್ತು, ಇಬ್ಬರನ್ನು ತುಳಿಯಲು ಆಗುತ್ತಿರಲಿಲ್ಲ, ನಿನಗೆ ನೆಗಡಿಯಾಗಿತ್ತು. ಇಂಥ ಹತ್ತು ಉತ್ತರಗಳನ್ನು ನೆಲ್ಲಾ ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದಳು. ಅವನ್ನೆಲ್ಲ ಅಲ್ಲೇ ಬಿಟ್ಟಳು.

"ನೀನು ಹೇಳ್ಬಿಡ್ತಿದ್ದೆ," ಎಂದಳು. "ಊಟ ಆದ್ಮೇಲೆ ಅಪ್ಪ ಕೇಳ್ತಿದ್ರಲ್ಲ. ಬ್ರಾಮ್‌ಗೆ ಮಾತು ಬರ್ತಿರ್ಲಿಲ್ಲ. ನಿಂಗೆ ಸುಳ್ಳು ಬರ್ತಿರ್ಲಿಲ್ಲ." ಉಳಿದದ್ದನ್ನೂ ಹೇಳಿದಳು. "ಬೇರೆ ಮಕ್ಕಳಿದ್ದಾರಾ ಅಂತ ನರ್ಸ್ ಕೇಳಿದ್ಲು. ಇಲ್ಲ ಅಂದೆ."

ಕ್ರೀನಾ ಚಾಕುವನ್ನು ಬದಿಗಿಟ್ಟಳು. ಸಿಪ್ಪೆಗಳನ್ನು ಒಟ್ಟುಮಾಡಿ ಕಾಗದದಲ್ಲಿ ಸುತ್ತಿದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು.

"ನಾನು ಆಸ್ಪತ್ರೆಲಿ ಸಕ್ಕರೆ ತಿಂದಿದ್ದಕ್ಕಾ ಅಂತ ಕೇಳ್ದಾಗ ನೀನಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಅವತ್ತಿಂದ ಇವತ್ತಿನವರೆಗೆ ನಾನು ಕಾಫಿಗೆ ಸಕ್ಕರೆ ಹಾಕ್ಕೊಂಡಿಲ್ಲ. ಅದನ್ನೂ ನೋಡಿದೀಯ ನೀನು." ಅವಳ ದನಿ ಏರಲಿಲ್ಲ. "ಅಷ್ಟು ಜನದಲ್ಲಿ ದೇವರು ನನ್ನ ಕಡೆ ನೋಡಿದ್ದಾನೆ ಅಂದ್ಕೊಂಡಿದ್ದೆ ನಾನು. ನೋಡಿದ್ದು ನೀನು. ನೋಡಿ, ಬಿಟ್ಟು ಹೋದೆ."

ಸೀಮೊನ್ ಎದ್ದು ಅತ್ತ. ನೆಲ್ಲಾ ಅಭ್ಯಾಸದಂತೆ ತೊಟ್ಟಿಲ ಕಡೆ ಬಗ್ಗಿದಳು. "ಮುಟ್ಬೇಡ," ಎಂದಳು ಕ್ರೀನಾ. ಗೋಡೆ ಹಿಡಿದುಕೊಂಡು ಎದ್ದು ಬಂದು ತಾನೇ ಎತ್ತಿಕೊಂಡಳು. ಮಗುವಿನ ಮುಖವನ್ನು ಹೊಸಬರ ಮಗುವೇನೋ ಎಂಬಂತೆ ನೋಡಿದಳು.

"ಇವನಿಗೂ ಮಾತು ಬರಲ್ಲ. ಅಪ್ಪ ಕೇಳಿದ್ರೂ ಹೇಳಲ್ಲ," ಎಂದಳು. "ಅನುಕೂಲವೇ ಆಯ್ತು, ಅಲ್ವಾ ಅಮ್ಮ?"

ಮಾರನೆಯ ದಿನ ಶುಕ್ರವಾರ ಕ್ರೀನಾ ಮತ್ತು ಲೇನ್ ಪಟ್ಟಣಕ್ಕೆ ಹೋಗಿ ಮಗುವಿಗೆ ಹನಿ ಹಾಕಿಸಿಕೊಂಡು ಬಂದರು. ನೆಲ್ಲಾಳಿಗೆ ಕ್ರೀನಾ ಹೇಳಲಿಲ್ಲ. ಲೇನ್ ಹಿತ್ತಲ ಬಾಗಿಲಿಗೆ ಬಂದು, ಆಯಿತು ಅತ್ತೆ, ಮಾವನಿಗೆ ತಿಳಿಯಬಾರದಂತೆ ಎಂದಷ್ಟೇ ಹೇಳಿ ಹೋದ. ನೆಲ್ಲಾ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಕೇಳಿದ್ದು ಸಿಕ್ಕಿತ್ತು. ಇದರ ಬೆಲೆ ಇನ್ನೂ ಬರಬೇಕಿದೆ ಎಂದು ಮಾತ್ರ ಗೊತ್ತಿತ್ತು.

ಅದು ಬಂದದ್ದು ದೀಕ್ಷಾಸ್ನಾನದ ಭಾನುವಾರ. ಹೊರಗಿನ ಪಾದ್ರಿಯೊಬ್ಬರು ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿದ್ದರು, ಊರಿನ ಮಕ್ಕಳು ಅಲ್ಲಿಯವರೆಗೆ ಕಾಯಬೇಕಿತ್ತು. ಮೊದಲ ಕೀರ್ತನೆ ಮುಗಿದ ಮೇಲೆ ತಾಯಿಯ ತಾಯಿ ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಯಿಂದ ಒಳಗೆ ಬರುವುದು ವೆಸ್ಟ್‌ಹೂಕಿನ ಪದ್ಧತಿ. ಇಡೀ ಸಭೆ ತಿರುಗಿ ನೋಡುವ ಆ ಇಪ್ಪತ್ತು ಹೆಜ್ಜೆಗಾಗಿ ಇಲ್ಲಿನ ಹೆಂಗಸರು ಬದುಕಿಡೀ ಕಾಯುತ್ತಾರೆ. ಕ್ರೀನಾ ಮತ್ತು ಬ್ರಾಮ್ ತೊಟ್ಟಿದ್ದ ಉದ್ದನೆಯ ಬಿಳಿ ಅಂಗಿಯನ್ನು ನೆಲ್ಲಾ ಗಂಜಿ ಹಾಕಿ ಇಸ್ತ್ರಿ ಮಾಡಿ ಕಳುಹಿಸಿದ್ದಳು. ಕಪ್ಪು ಉಡುಪು, ಕಪ್ಪು ಟೋಪಿ ತೊಟ್ಟು ಪಕ್ಕದ ಕೋಣೆಯಲ್ಲಿ ಕೈ ಚಾಚಿ ನಿಂತಳು.

ಕ್ರೀನಾ ಕೊಡಲಿಲ್ಲ. "ನಾನೇ ಎತ್ಕೋತೀನಿ. ನೀನು ಹೋಗಿ ಕೂತ್ಕೋ," ಎಂದಳು.

ನೆಲ್ಲಾ ಬರಿಗೈಯಲ್ಲಿ ಬೆಂಚಿಗೆ ಬಂದು ಕೂತಳು. ಪಕ್ಕದವಳು ಯಾಕೆಂದು ಕಣ್ಣಲ್ಲೇ ಕೇಳಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕೋಲು. ಕಲ್ಲಿನ ನೆಲದ ಮೇಲೆ ಕ್ಯಾಲಿಪರಿನ ಕಬ್ಬಿಣ ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತಿತ್ತು. ಹಿಂದೆ ಲೇನ್, ಎಲ್ಲಿ ಬೀಳುತ್ತಾಳೋ ಎಂದು ಎರಡೂ ಕೈ ಮುಂದೆ ಹಿಡಿದುಕೊಂಡು. ಜನ ಮೂಗೊರೆಸಿಕೊಂಡರು. ಎಂಥ ಭಕ್ತಿ, ಎಂಥ ಛಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಹಿರಿಯರ ಬೆಂಚಿನಲ್ಲಿ ಮರೀನುಸನ ಕಣ್ಣು ತುಂಬಿತ್ತು.

ಈ ಮಗು ಪಾಪದಲ್ಲೇ ಗರ್ಭವಾಗಿ ಪಾಪದಲ್ಲೇ ಹುಟ್ಟಿದೆಯೆಂದು, ಆ ಕಾರಣ ಎಲ್ಲ ಸಂಕಟಕ್ಕೂ ಒಳಗಾಗಿದೆಯೆಂದು ಒಪ್ಪುತ್ತೀರಾ ಎಂದು ಪಾದ್ರಿ ಕೇಳಿದರು. ಹೆಂಗಸರು ಇಲ್ಲಿ ತಲೆಯಾಡಿಸಿದರೆ ಸಾಕು. ಕ್ರೀನಾ ತಲೆಯಾಡಿಸಲಿಲ್ಲ. ಪಾದ್ರಿಯ ಕಡೆಗಿದ್ದ ಮುಖವನ್ನು ಬೆಂಚುಗಳ ಕಡೆಗೆ ತಿರುಗಿಸಿ, ನೆಲ್ಲಾಳನ್ನೇ ನೋಡುತ್ತ, ಕೊನೆಯ ಸಾಲಿಗೂ ಕೇಳುವಂತೆ "ಹೌದು" ಎಂದಳು.

ಆಮೇಲೂ ಕ್ರೀನಾ ತಾಯಿಯ ಮನೆಗೆ ಬರುವುದನ್ನು ಬಿಡಲಿಲ್ಲ. ಭಾನುವಾರ ಬರುತ್ತಿದ್ದಳು, ಕಾಫಿ ಕುಡಿಯುತ್ತಿದ್ದಳು, ಹವೆ, ಬೆಳೆ, ಬ್ರಾಮನ ಕೆಲಸ, ಎಲ್ಲ ಮಾತೂ ಆಡುತ್ತಿದ್ದಳು. ಮಗುವನ್ನು ಮಾತ್ರ ನೆಲ್ಲಾಳ ಕೈಗೆ ಕೊಡುತ್ತಿರಲಿಲ್ಲ. ನೆಲ್ಲಾ ಕೈ ಚಾಚಿದರೆ ಮಗು ಲೇನನ ತೊಡೆಗೋ ಮರೀನುಸನ ತೊಡೆಗೋ ಹೋಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ನೆಲ್ಲಾ ತನಗೆ ತಾನೇ ಹೇಳಿಕೊಂಡಳು.

ಮರೀನುಸನಿಗೆ ಆ ಚಳಿಗಾಲದಷ್ಟು ಹೆಮ್ಮೆಯ ಚಳಿಗಾಲ ಇನ್ನೊಂದಿರಲಿಲ್ಲ. ಸಭೆಯ ಹಿರಿಯನಾಗಿ ಮನೆಮನೆಗೆ ಹೋದಲ್ಲೆಲ್ಲ ಮಗಳ ಮಾತೇ. ಹೆದರಬೇಡಿ, ನನ್ನ ಕ್ರೀನಾಳನ್ನು ನೋಡಿ, ಆ ರೋಗ ತಿಂದ ಕಾಲಿಟ್ಟುಕೊಂಡು ಕೂಡ ಮಗುವನ್ನು ಕರ್ತನ ಕೈಗೇ ಬಿಟ್ಟಿದ್ದಾಳೆ, ಮಗು ಕಲ್ಲುಗುಂಡಿನ ಹಾಗಿದೆ ಎನ್ನುತ್ತಿದ್ದ. ಪಟ್ಟಣಕ್ಕೆ ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿದ್ದವರು ಇದನ್ನು ಕೇಳಿ ಮನೆಯಲ್ಲೇ ಉಳಿದರು. ಅವರಲ್ಲಿ ಡೀನಾ ಒಬ್ಬಳು, ಕ್ರೀನಾಳ ಜೊತೆ ಪಾಠಕ್ಕೆ ಹೋಗುತ್ತಿದ್ದವಳು. ಅವಳಿಗೆ ಮೂರು ವರ್ಷದ ಒಬ್ಬಳೇ ಮಗಳು. ಇದನ್ನು ಎಳೆದು ಹೇಳಬೇಕಾಗಿಲ್ಲ. ಫೆಬ್ರವರಿಯಲ್ಲಿ ಆ ಮಗುವಿನ ಎರಡೂ ಕಾಲು ಹೋದವು.

ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ವಾರ ನೆಲ್ಲಾ ಸೂಪು ಮಾಡಿ ತೆಗೆದುಕೊಂಡು ಹೊರಟಳು. ಇಂಥ ಮನೆಗೆ ಹಿರಿಯನ ಹೆಂಡತಿ, ಮಗಳು ಹೋಗಲೇಬೇಕು. ಕ್ರೀನಾ ಸೀಮೊನ್‌ನನ್ನು ಶಾಲಿನಲ್ಲಿ ಕಟ್ಟಿಕೊಂಡು ಬಂದಳು. ಡೀನಾ ಅಳುತ್ತಿರಲಿಲ್ಲ, ಅತ್ತು ಮುಗಿಸಿದ್ದಳು. ಇಬ್ಬರಿಗೂ ಕಾಫಿ ಕೊಟ್ಟಳು. ಶಾಲಿನೊಳಗೆ ಕಾಲು ಒದೆಯುತ್ತಿದ್ದ ಸೀಮೊನ್‌ನನ್ನು ನೋಡಿದಳು.

"ನಿನ್ನ ನೋಡೇ ಧೈರ್ಯ ತಗೊಂಡಿದ್ದು ಕ್ರೀನಾ," ಎಂದಳು. "ನಮ್ಮವರು ಗಾಡಿ ತೆಗ್ದಿದ್ರು, ನಾನೇ ಬೇಡ ಅಂದೆ. ನಿಂಗೆ ಉಳೀತು, ನಂಗೆ ಉಳೀಲಿಲ್ಲ. ಆತನ ಇಷ್ಟ." ಆಮೇಲೆ, ಉತ್ತರ ಗೊತ್ತಿದ್ದೂ ಕೇಳುವವರಂತೆ ಕೇಳಿದಳು. "ನೀನೂ ಹಾಕ್ಸಿಲ್ಲ ಅಲ್ವಾ?"

ಒಳಕೋಣೆಯಲ್ಲಿ ಮಗು ಅಮ್ಮಾ ಎಂದು ಕರೆಯಿತು. ನೆಲ್ಲಾ ಕಾಫಿಯ ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

"ಇಲ್ಲ," ಎಂದಳು ಕ್ರೀನಾ.

ಬರುವಾಗ ಏರಿಯ ಮೇಲಿನ ದಾರಿಯಲ್ಲಿ ಗಾಳಿ ಜೋರಾಗಿತ್ತು. ಕ್ರೀನಾ ಕೋಲೂರಿಕೊಂಡು ಮುಂದೆ ಹೋಗುತ್ತಿದ್ದಳು, ನೆಲ್ಲಾ ಖಾಲಿ ಪಾತ್ರೆ ಹಿಡಿದುಕೊಂಡು ಹಿಂದೆ. ಅರ್ಧ ದಾರಿಯಲ್ಲಿ ಕ್ರೀನಾ ನಿಂತಳು.

"ಅವತ್ತು ನರ್ಸಿಗೆ ಇಲ್ಲ ಅಂದ್ಯಲ್ಲ. ಹೇಳೋಕೆ ಎಷ್ಟು ಹೊತ್ತು ಬೇಕಾಯ್ತು ನಿಂಗೆ?"

"ಹೊತ್ತೇ ಬೇಕಾಗ್ಲಿಲ್ಲ," ಎಂದಳು ನೆಲ್ಲಾ.

ಕ್ರೀನಾ ತಲೆಯಾಡಿಸಿದಳು. "ನಂಗೂ ಬೇಕಾಗ್ಲಿಲ್ಲ," ಎಂದಳು. ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಾಲಿನ ಗಂಟು ಬಿಚ್ಚಿದಳು, ಮಗುವನ್ನು ಹೊರತೆಗೆದಳು.

"ತಗೋ, ಎತ್ಕೋ," ಎಂದು ಅವನನ್ನು ತಾಯಿಯ ಕೈಗೆ ಕೊಟ್ಟಳು.